ಬೆಕ್ಕಿನ ಕಂಡಿ

ಬಾಗಿಲು ಎಂಬುದು ಒಂದು ವಿಚಿತ್ರವಾದ ವಸ್ತು. ಗೋಡೆಯ ಕೆಲಸ ತಡೆಯುವುದು. ದಾರಿಯ ಕೆಲಸ ಹೋಗಗೊಡುವುದು. ಬಾಗಿಲಿಗಾದರೋ ಈ ಎರಡೂ ಕೆಲಸಗಳು ಬಿದ್ದಿವೆ. ಅದು ಗೋಡೆಯಂತೆ ನಿಲ್ಲಬೇಕು, ದಾರಿಯಂತೆ ಸರಿಯಬೇಕು. ಯಾವಾಗ ನಿಲ್ಲಬೇಕು, ಯಾವಾಗ ಸರಿಯಬೇಕು ಎಂಬುದನ್ನು ಅದು ತಾನಾಗಿ ತಿಳಿಯಲಾರದು. ಆದ್ದರಿಂದ ಬಾಗಿಲಿರುವಲ್ಲೆಲ್ಲ ಅದರ ಹಿಂದೆ ಒಬ್ಬ ನ್ಯಾಯಾಧೀಶನಿರುತ್ತಾನೆ. ಅಗುಳಿಯ ಮೇಲೆ ಕೈಯಿಟ್ಟವನೇ ಆ ನ್ಯಾಯಾಧೀಶ. ಈ ಅಧಿಕಾರ ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಅಧಿಕಾರವೆಂಬ ನೆನಪೇ ನಮಗೆ ಉಳಿದಿಲ್ಲ.

ಇಷ್ಟೆಲ್ಲ ಪೀಠಿಕೆ ಒಂದು ಬೆಕ್ಕಿನ ಸಲುವಾಗಿ ಎಂದರೆ ಓದುಗರು ನಕ್ಕಾರು. ನಗಲಿ, ಬೆಕ್ಕಿನ ವಿಷಯದಲ್ಲಿ ತೀರ ಗಂಭೀರವಾಗಿರುವುದು ಬೆಕ್ಕಿಗೆ ಮಾತ್ರ ಸಾಧ್ಯ. ಆದರೆ ನಮ್ಮ ಮನೆಯಲ್ಲಿ ಕೆಲವು ತಿಂಗಳ ಹಿಂದೆ ಎದ್ದ ಪ್ರಶ್ನೆ, ಹಿತ್ತಿಲ ಬಾಗಿಲಿಗೆ ಬೆಕ್ಕಿಗಾಗಿ ಒಂದು ಕಂಡಿ ಕೊರೆಸಬೇಕೇ ಬೇಡವೇ ಎಂಬುದು, ಮೇಲುನೋಟಕ್ಕೆ ಕಂಡಷ್ಟು ಸಣ್ಣದಾಗಿರಲಿಲ್ಲ. ಅದನ್ನು ಹಿಡಿದು ಎಳೆದಷ್ಟೂ ಅದರ ಬೇರು ಮನುಷ್ಯರ ಮನೆಯೊಳಕ್ಕೇ ಹರಿದುಹೋಯಿತು.

ನಮ್ಮ ಊರು ಬೆಳಂಬಾರ. ಅಂಕೋಲಾ ತಾಲೂಕಿನಲ್ಲಿ ಕಡಲಿಗೆ ಒತ್ತಿಕೊಂಡಿರುವ ಹಳ್ಳಿ. ಅಲ್ಲಿಯ ನಮ್ಮ ಹಳೆಯ ಮನೆ ಹಂಚಿನದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಮನೆಗಳ ತಲೆಯ ಬಣ್ಣವೇ ಬದಲಾಯಿತಷ್ಟೆ. ಅಂಥ ಕೆಂಪು ಮನೆಗಳಲ್ಲಿ ಅದೂ ಒಂದು. ಗೋಡೆಗೂ ಮಾಡಿಗೂ ನಡುವೆ ಗಾಳಿಯಾಡಲೆಂದು ಒಂದಿಷ್ಟು ತೆರಪು ಬಿಟ್ಟಿರುತ್ತಿದ್ದರು. ಹಿತ್ತಿಲ ಮಾವಿನ ಕೊಂಬೆಯಿಂದ ಮಾಡಿಗೆ, ಮಾಡಿನಿಂದ ಆ ತೆರಪಿಗೆ, ತೆರಪಿನಿಂದ ಮೆತ್ತಿಗೆ, ಮೆತ್ತಿನಿಂದ ಅಡಿಗೆಮನೆಗೆ: ಇದು ಬೆಕ್ಕಿನ ರಾಜಮಾರ್ಗ. ಗುಬ್ಬಿಗೂ ಅದೇ, ಓತಿಗೂ ಅದೇ. ಯಾರೂ ಅವಕ್ಕೆ ದಾರಿ ಮಾಡಿಕೊಟ್ಟಿರಲಿಲ್ಲ. ಯಾರೂ ದಾರಿ ಮುಚ್ಚಿರಲೂ ಇಲ್ಲ. ಬೆಕ್ಕು ಹೇಗೆ ಒಳಗೆ ಬಂತು ಎಂದು ನನ್ನ ಬಾಲ್ಯದಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ.

ಹೊಸ ಮನೆ ಸಿಮೆಂಟಿನದು. ಮೇಲೆ ಸ್ಲ್ಯಾಬು, ಕಿಟಕಿಗಳಿಗೆ ಸೊಳ್ಳೆಯ ಬಲೆ, ಬಾಗಿಲಿಗೆ ಬಿಗಿಯಾದ ಚೌಕಟ್ಟು. ಮಳೆಗಾಲದಲ್ಲಿ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಇದು ಸುಖವೇ ಸರಿ. ಆದರೆ ಈ ಸುಖದಲ್ಲಿ ಬೆಕ್ಕಿನ ರಾಜಮಾರ್ಗ ಸದ್ದಿಲ್ಲದೆ ಅಳಿಸಿಹೋಯಿತು. ಈಗ ಅದು ಒಳಗೆ ಬರಬೇಕಾದರೆ ಬಾಗಿಲ ಮುಂದೆ ಕುಳಿತು ಕೂಗಬೇಕು. ಹೊರಗೆ ಹೋಗಬೇಕಾದರೂ ಕೂಗಬೇಕು. ಅದು ಕೂಗಿದಾಗ ಎದ್ದುಹೋಗಿ ಬಾಗಿಲು ತೆರೆಯುತ್ತಿದ್ದವಳು ನನ್ನ ತಾಯಿ. ರಾತ್ರಿ ಹತ್ತಕ್ಕೊಮ್ಮೆ, ಎರಡಕ್ಕೊಮ್ಮೆ, ಕೋಳಿ ಕೂಗುವ ಮುಂಚೆ ಮತ್ತೊಮ್ಮೆ. ಅವಳಿಗೆ ಎಪ್ಪತ್ತಾರು ವರ್ಷ, ಮೊಣಕಾಲು ಹಿಡಿದುಕೊಂಡಿವೆ. ಗೋಡೆ ಹಿಡಿದು ನಡೆಯುವ ಅವಳ ಹೆಜ್ಜೆಯ ಸಪ್ಪಳ ನನಗೆ ಕೇಳಿಸುತ್ತಿತ್ತು. "ನೀನೇಕೆ ಏಳುತ್ತೀ? ಹೊರಗೇ ಇರಲಿ ಬಿಡು" ಎಂದರೆ, "ಮಳೆಯಲ್ಲಿ ನೆನೀತದೆ, ತಮಾ" ಎನ್ನುವಳು.

ಆಗ ನನ್ನ ಮಗಳು ಒಂದು ಚಿತ್ರ ತಂದು ತೋರಿಸಿದಳು. ಬಾಗಿಲಿನ ಕೆಳಗಣ ಹಲಗೆಯಲ್ಲಿ ಒಂದು ಚೌಕಾಕಾರದ ಕಂಡಿ. ಅದಕ್ಕೆ ಮೇಲಿನಿಂದ ತೂಗುಬಿಟ್ಟ ಒಂದು ಪುಟ್ಟ ಕದ. ಬೆಕ್ಕು ತಲೆಯಿಂದ ನೂಕಿದರೆ ಅದು ತೆರೆಯುತ್ತದೆ, ಬೆಕ್ಕು ದಾಟಿದ ಮೇಲೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ.

ಇದೇನೂ ಇಂದಿನ ಸೋಜಿಗವಲ್ಲ. ಇಂಗ್ಲೆಂಡಿನ ಕವಿ ಚಾಸರ್ 14ನೆಯ ಶತಮಾನದಲ್ಲಿ ಹೇಳಿದ ಗಿರಣಿಯವನ ಕಥೆಯಲ್ಲಿ, ಬಾಗಿಲ ಹಲಗೆಯ ತಳದಲ್ಲಿ ಬೆಕ್ಕು ನುಸುಳುವ ತೂತೊಂದು ಬರುತ್ತದೆ. ಒಬ್ಬ ಆಳು ಅದರಲ್ಲಿ ಕಣ್ಣಿಟ್ಟು ಒಳಗೇನು ನಡೆದಿದೆಯೆಂದು ಇಣಿಕಿ ನೋಡುತ್ತಾನೆ. ಎಕ್ಸೆಟರ್ ಎಂಬ ಊರಿನ ದೊಡ್ಡ ಇಗರ್ಜಿಯ ಹಳೆಯ ಲೆಕ್ಕಪುಸ್ತಕಗಳಲ್ಲಿ ಇಲಿ ಹಿಡಿಯುವ ಬೆಕ್ಕಿಗೆ ವಾರಕ್ಕೆ ಒಂದು ಪೆನ್ನಿಯಂತೆ ಸಂಬಳ ಬರೆದಿದ್ದಾರೆ. 1598ರಲ್ಲಿ ಅಲ್ಲಿಯ ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕು ಹೋಗಿಬರಲೆಂದು ತೂತು ಕೊರೆಸಿದರು. ಆ ತೂತು ಇಂದಿಗೂ ಇದೆ. ಇನ್ನು, ನ್ಯೂಟನ್ ಮಹಾಶಯನು ದೊಡ್ಡ ಬೆಕ್ಕಿಗೊಂದು ದೊಡ್ಡ ತೂತು, ಮರಿಗೊಂದು ಸಣ್ಣ ತೂತು ಕೊರೆಸಿದನೆಂಬ ಐತಿಹ್ಯವನ್ನು ಯಾರು ಕೇಳಿಲ್ಲ? ಗುರುತ್ವಾಕರ್ಷಣವನ್ನು ಕಂಡವನಿಗೆ, ದೊಡ್ಡ ತೂತಿನಲ್ಲಿ ಮರಿಯೂ ಹೋಗಬಹುದೆಂದು ಕಾಣಲಿಲ್ಲವಲ್ಲ ಎಂದು ಜನ ನಗುತ್ತಾರೆ. ಕಥೆ ನಿಜವಾಗಿರಲಾರದು. ನಿಜವೆಂದೇ ಇಟ್ಟುಕೊಂಡರೂ ನನಗೆ ಅದರಲ್ಲಿ ಅಷ್ಟು ನಗೆ ಬರುವುದಿಲ್ಲ. ತಾಯಿ ಬಾಗಿಲಿಗಡ್ಡವಾಗಿ ಮಲಗಿದ ದಿನ ಮರಿಗೆ ತನ್ನದೇ ಆದ ದಾರಿಯೊಂದು ಇದ್ದರೆ ಒಳ್ಳೆಯದಲ್ಲವೆ?

ಬೆಕ್ಕು ಮನುಷ್ಯನ ಬಳಿಗೆ ಬಂದದ್ದೂ ತಾನಾಗಿಯೇ ಎಂದು ತಿಳಿದವರು ಹೇಳುತ್ತಾರೆ. ಕಾಳು ಬೆಳೆದು ಕಣಜ ಕಟ್ಟಿದ ಮೇಲೆ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಗೋರಿಯ ಪಕ್ಕದಲ್ಲೇ ಒಂದು ಬೆಕ್ಕನ್ನು ಹೂಳಿದ್ದರೆಂಬುದು 2004ರಲ್ಲಿ ಲೋಕಕ್ಕೆ ತಿಳಿಯಿತು. ಅಂದರೆ ಈ ಪ್ರಾಣಿ ನಮ್ಮ ಹೊಸ್ತಿಲು ದಾಟಿ ಹತ್ತಿರ ಹತ್ತಿರ ಹತ್ತು ಸಾವಿರ ವರ್ಷವಾಯಿತು. ಇಂಥ ಹಳೆಯ ಬಿಡಾರದವರ ದಾರಿಯನ್ನು ಸಿಮೆಂಟು ಹಾಕಿ ಮುಚ್ಚಿದ ಮೇಲೆ, ಒಂದು ಕಂಡಿ ಕೊರೆಸುವುದು ಉಪಕಾರವೇ, ಅಥವಾ ತೆಗೆದುಕೊಂಡದ್ದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಕೊಡುವುದೇ?

ನನ್ನ ಮೊದಲ ಪ್ರಶ್ನೆ ಇದು. ಕೂಗಿದಾಗ ಬಾಗಿಲು ತೆರೆಯುವುದು ದಯೆ. ಕೂಗದಂತೆ ಬಾಗಿಲನ್ನೇ ತಿದ್ದುವುದು ಬೇರೆ. ದಯೆಗೆ ಕೇಳುವವರು ಬೇಕು, ಕೊಡುವವರು ಎಚ್ಚರವಾಗಿರಬೇಕು, ಅವರ ಮನಸ್ಸು ಪ್ರಸನ್ನವಾಗಿರಬೇಕು, ಮೊಣಕಾಲು ನೆಟ್ಟಗಿರಬೇಕು. ನಿದ್ದೆ ಬಂದರೆ ದಯೆ ಮಲಗುತ್ತದೆ. ಮರದಲ್ಲಿ ಕೊರೆದ ಕಂಡಿಗೆ ಈ ಯಾವ ತೊಂದರೆಯೂ ಇಲ್ಲ. ಅದು ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಅಂಕೋಲೆಯ ಜನ 1930ರ ಏಪ್ರಿಲಿನಲ್ಲಿ ಕಡಲ ನೀರಿನಿಂದ ಉಪ್ಪು ಮಾಡಿದಾಗ ಕೇಳಿದ್ದು ಅಗ್ಗದ ಉಪ್ಪನ್ನಲ್ಲ. ನಮ್ಮ ಕಡಲ ಉಪ್ಪಿಗೆ ಪರರ ಅಪ್ಪಣೆ ಏಕೆ ಎಂಬುದು ಅವರ ಮಾತು. ಸರಕಾರ ಕರುಣೆಯಿಂದ ತೆರಿಗೆ ಇಳಿಸಿದ್ದರೂ ಆ ಮಾತಿಗೆ ಉತ್ತರವಾಗುತ್ತಿರಲಿಲ್ಲ. ಬೆಕ್ಕಿನ ಸಣ್ಣ ವ್ಯವಹಾರಕ್ಕೆ ಇಷ್ಟು ದೊಡ್ಡ ಮಾತನ್ನು ತಂದದ್ದಕ್ಕೆ ಹಿರಿಯರು ಕ್ಷಮಿಸಬೇಕು. ದಯೆಗೂ ಹಕ್ಕಿಗೂ ಇರುವ ಅಂತರ ಮಾತ್ರ ಎರಡು ಕಡೆಯೂ ಒಂದೇ.

ದಯೆಯ ಇನ್ನೊಂದು ಗುಣವನ್ನು ನಾವು ಗಮನಿಸುವುದಿಲ್ಲ. ಮನೆಯ ಹೆಸರಿನಲ್ಲಿ ನಡೆಯುವ ದಯೆಯ ಭಾರ ಮನೆಯವರೆಲ್ಲರ ಮೇಲೆ ಬೀಳುವುದಿಲ್ಲ. "ನಮ್ಮ ಮನೆಯಲ್ಲಿ ಬೆಕ್ಕು ಸಾಕಿದ್ದೇವೆ" ಎನ್ನುವವರು ಐದು ಜನ. ರಾತ್ರಿ ಎರಡು ಗಂಟೆಗೆ ಏಳುವವರು ಒಬ್ಬರು. ಅತಿಥಿಗೆ ಅನ್ನ, ಭಿಕ್ಷುಕನಿಗೆ ಹಿಡಿ ಅಕ್ಕಿ, ಕಾಗೆಗೆ ಪಿಂಡ, ನಾಯಿಗೆ ತುತ್ತು ಎಂದು ಗೃಹಸ್ಥನ ಧರ್ಮವನ್ನು ನಮ್ಮ ಶಾಸ್ತ್ರಗಳು ವಿಸ್ತಾರವಾಗಿ ಹೇಳಿವೆ. ಪುಣ್ಯ ಗೃಹಸ್ಥನ ಲೆಕ್ಕಕ್ಕೆ. ಒಲೆಯ ಮುಂದೆ ಹೊಗೆ ಕುಡಿದವಳು ಗೃಹಿಣಿ. ಆದ್ದರಿಂದ ಕಂಡಿಯ ಮಾತು ಬಂದಾಗ ನಾನು ಮೊದಲು ಎಣಿಸಿದ್ದು ಬೆಕ್ಕಿನ ಸ್ವಾತಂತ್ರ್ಯಕ್ಕಿಂತ ತಾಯಿಯ ನಿದ್ದೆಯನ್ನು.

ಆದರೆ ಆಕೆ ಈ ಮಾತಿಗೆ ಕೂಡಲೆ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ತವರಿಗೆ ಹೋಗಬೇಕಾದ್ರೆ ಮೂರು ಜನರ ಕೇಳಬೇಕಾಗಿತ್ತು. ಈ ಬೆಕ್ಕಿಗೆ ಯಾರನ್ನೂ ಕೇಳೂದು ಬ್ಯಾಡ, ಅಲ್ವಾ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ತಮಾಷೆಯೇ ಇತ್ತು. ಅತ್ತೆ, ಮಾವ, ಗಂಡ ಈ ಮೂರು ಅಗುಳಿಗಳನ್ನು ದಾಟಿ ಅವಳು ಗಂಗಾವಳಿಯ ಆಚೆ ದಡದ ತನ್ನ ತವರಿಗೆ ವರ್ಷಕ್ಕೆ ಎಷ್ಟು ಸಲ ಹೋಗಿರಬಹುದು? ಅವರು ಯಾರೂ ಕ್ರೂರಿಗಳಲ್ಲ. ಕೇಳಿದರೆ ಸಾಮಾನ್ಯವಾಗಿ ಬೇಡವೆಂದವರೂ ಅಲ್ಲ. ಆದರೆ ಕೇಳಬೇಕಾಗಿತ್ತು. ಒಳ್ಳೆಯ ಮನೆಯಲ್ಲಿಯೂ ಕೇಳಬೇಕಾಗಿತ್ತು ಎಂಬಲ್ಲಿಯೇ ಈ ಪ್ರಶ್ನೆಯ ಮುಳ್ಳಿದೆ. ಕೆಟ್ಟವರ ಕೈಯಲ್ಲಿ ಅಗುಳಿಯಿದ್ದರೆ ಅದು ಅನ್ಯಾಯವೆಂದು ಎಲ್ಲರಿಗೂ ಕಾಣುತ್ತದೆ. ಒಳ್ಳೆಯವರ ಕೈಯಲ್ಲಿದ್ದರೆ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಂಡಿಯನ್ನು ಇಷ್ಟು ಹೊಗಳುವವರು ಉಡುಪಿಯ ಕನಕನ ಕಿಂಡಿಯನ್ನು ನೆನೆದಾರೆಯೇ ಎಂದು. ನೆನೆಯಲೇಬೇಕು. ಬಾಗಿಲಲ್ಲಿ ಪ್ರವೇಶವಿಲ್ಲದ ಕನಕದಾಸರಿಗೆ ಗೋಡೆ ಬಿರಿದು ಕೃಷ್ಣನ ದರ್ಶನವಾಯಿತೆಂದು ಐತಿಹ್ಯ. ನಾವು ಆ ಕಿಂಡಿಯ ಮುಂದೆ ಕೈಮುಗಿಯುತ್ತೇವೆ, ಕೈಮುಗಿಯಬೇಕಾದ್ದೇ. ಆದರೆ ಕಿಂಡಿಯ ಮಹಿಮೆಯನ್ನು ಹಾಡುವ ಸಂಭ್ರಮದಲ್ಲಿ, ಬಾಗಿಲು ಮುಚ್ಚಿತ್ತು ಎಂಬ ಸಂಗತಿ ಮರೆತುಹೋಗುತ್ತದೆ. ಕಥೆಯಲ್ಲಿ ಗೋಡೆ ಕರಗಿತು, ದೇವರು ತಿರುಗಿದ. ಬಾಗಿಲು ಕಾಯುವವರು ಮಾತ್ರ ಕದಲಲಿಲ್ಲ. ನಮ್ಮ ದೇಶದಲ್ಲಿ ಬೆಕ್ಕು ನಾಯಿಗಳು ಬಾಯಿಟ್ಟ ಕೆರೆಯ ನೀರನ್ನು ಮನುಷ್ಯರು ಮುಟ್ಟಬಾರದಿತ್ತು. ಅದನ್ನು ಮುಟ್ಟಲು 1927ರಲ್ಲಿ ಅಂಬೇಡ್ಕರರು ಮಹಾಡಿನಲ್ಲಿ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಮಡಿಯ ಅಡಿಗೆಮನೆಯಲ್ಲಿ ಬೆಕ್ಕು ಒಲೆಯ ಮಗ್ಗುಲಲ್ಲಿ ಮಲಗಿರುತ್ತಿತ್ತು. ಗದ್ದೆ ಉತ್ತು ಅಕ್ಕಿ ಬೆಳೆದುಕೊಟ್ಟವನು ಹಿತ್ತಿಲ ಕಡೆಯಿಂದ ಬಂದು ಅಂಗಳದಲ್ಲೇ ನಿಲ್ಲುತ್ತಿದ್ದ.

ಆದ್ದರಿಂದ ಕಂಡಿಗೂ ಬಾಗಿಲಿಗೂ ಭೇದ ಮಾಡಬೇಕು. ಬೆಕ್ಕಿಗೆ ಕಂಡಿ ಸಾಕು, ಏಕೆಂದರೆ ಅದರ ಮೈಯಳತೆಗೆ ಅದೇ ಬಾಗಿಲು. ಬಾಗಿಲಳತೆಯ ಮನುಷ್ಯನಿಗೆ ಕಂಡಿ ಕೊಟ್ಟರೆ ಅದು ಬಾಗಿಲನ್ನು ಮುಚ್ಚಿಡುವ ಉಪಾಯ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದಾಗ ಯಾರಿಗೂ ಹೊಸ ಕಿಂಡಿ ತೋಡಲಿಲ್ಲ. ಬಾಗಿಲಿನ ಅಗುಳಿಗೇ ಕೈಹಾಕಿತು. ಇಂದು ಕೂಡ ದೊಡ್ಡ ಬಾಗಿಲು ತೆರೆಯಲು ಮನಸ್ಸಿಲ್ಲದ ಕಡೆ ನಾವು ಚಿಕ್ಕ ಚಿಕ್ಕ ಕಂಡಿಗಳನ್ನು ಕೊರೆದು ಸಮಾಧಾನಪಟ್ಟುಕೊಳ್ಳುತ್ತಿಲ್ಲವೆ?

ಇರಲಿ, ಬೆಕ್ಕಿಗೆ ಮರಳೋಣ. ಅದರ ಯೋಗ್ಯತೆಯ ಪ್ರಶ್ನೆಯೂ ಇದೆ. ನಮ್ಮ ಸಾಹಿತ್ಯದಲ್ಲಿ ಬೆಕ್ಕಿಗೆ ಒಳ್ಳೆಯ ಹೆಸರಿಲ್ಲ. ಗಂಗಾತೀರದಲ್ಲಿ ತಪಸ್ವಿಯ ವೇಷ ಹಾಕಿ ಇಲಿಗಳನ್ನು ನುಂಗಿದ ಬೆಕ್ಕಿನ ಕಥೆ ಮಹಾಭಾರತದ ಉದ್ಯೋಗಪರ್ವದಲ್ಲಿ ಬರುತ್ತದೆ. ಮಾಮಲ್ಲಪುರದ 7ನೆಯ ಶತಮಾನದ ಬಂಡೆಯ ಮೇಲೆ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕು, ಅದರ ಸುತ್ತ ಇಲಿಗಳು, ಇಂದಿಗೂ ಕಾಣುತ್ತವೆ. ಕಣ್ಣು ಮುಚ್ಚಿ ಹಾಲು ಕುಡಿಯುವುದಂತೂ ಗಾದೆಯೇ ಆಗಿದೆ. ಇಂಥ ಕಪಟಿಗೆ ಸ್ವತಂತ್ರ ದಾರಿಯೇ ಎಂದು ನೆರೆಯವರೊಬ್ಬರು ನಕ್ಕರು. ಹಕ್ಕು ಎಂಬುದು ಸದ್ಗುಣಕ್ಕೆ ಕೊಡುವ ಬಹುಮಾನವಾಗಿದ್ದರೆ ಅವರ ಮಾತು ಸರಿ. ಹಾಗಾದಲ್ಲಿ ನಮ್ಮಲ್ಲಿ ಎಷ್ಟು ಜನರಿಗೆ ಮನೆಯ ಬಾಗಿಲು ತೆರೆದೀತು?

ಬಡಗಿಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅವನು ವಯಸ್ಸಾದ ಆಚಾರಿ. ಮರದ ಸಾಮಾನಿನಲ್ಲಿ ಪಳಗಿದ ಕೈ. ಬಾಗಿಲನ್ನು ಬೆರಳಿಂದ ತಟ್ಟಿ ನೋಡಿ, "ಮಾಸ್ತರ್ರೆ, ಬೆಕ್ಕು ಬರೂ ಕಂಡೀಲಿ ಹಾವು ಬರೂದಿಲ್ಲ ಅಂತ ಯಾರು ಹೇಳದ್ರು?" ಎಂದ. ತೆಂಗಿನ ತೋಟ, ಗದ್ದೆ, ಬೇಣಗಳ ನಡುವಿನ ನಮ್ಮ ಊರಲ್ಲಿ ಇದು ಬರಿಯ ಮಾತಿನ ಮಾತಲ್ಲ. ಇಲಿ ಬಂದಲ್ಲಿಗೆ ನಾಗರವೂ ಬರುತ್ತದೆ. ಪಕ್ಕದ ಮನೆಯ ಗಡವ ಬೆಕ್ಕೂ ಬಂದು ಮೀನಿನ ಸಾರಿಗೆ ಬಾಯಿ ಹಾಕಬಹುದು. ಯಾರಿಗೆ ತೆರೆದೆವೋ ಅವರೊಬ್ಬರೇ ಬರಬೇಕೆಂಬ ಕರಾರಿಗೆ ಯಾವ ತೆರಪೂ ರುಜು ಹಾಕುವುದಿಲ್ಲ.

ಇದಕ್ಕೂ ಈಗ ಯಂತ್ರಗಳಿವೆ. ಬೆಕ್ಕಿನ ತೊಗಲಿನ ಕೆಳಗೆ ಅಕ್ಕಿಕಾಳಿನಷ್ಟು ಸಣ್ಣ ಚಿಪ್ಪನ್ನು ಇಟ್ಟರೆ, ಕಂಡಿಯ ಕದ ಅದನ್ನು ಓದಿ ಆ ಒಂದು ಬೆಕ್ಕಿಗೆ ಮಾತ್ರ ತೆರೆದುಕೊಳ್ಳುತ್ತದೆ. ಹಾವಿನ ಭಯವಿರುವಲ್ಲಿ ಇದು ಬುದ್ಧಿವಂತಿಕೆಯೇ ಇರಬಹುದು. ಆದರೂ ನನ್ನ ಮನಸ್ಸು ಅಲ್ಲಿ ಸ್ವಲ್ಪ ಹಿಂದೆಗೆಯುತ್ತದೆ. ಗುರುತು ಕೇಳುವ ಕಂಡಿ ಮತ್ತೆ ಬಾಗಿಲೇ ಆಯಿತು. ಅಗುಳಿಯ ಮೇಲಿನ ಕೈ ಕಣ್ಣಿಗೆ ಕಾಣದಂತಾಯಿತು, ಅಷ್ಟೆ. ನಾವು ಆ ಯಂತ್ರವನ್ನು ತರಿಸಲಿಲ್ಲ. ಆಚಾರಿ ಹೇಳಿದಂತೆ ಕಂಡಿಯನ್ನು ನೆಲದಿಂದ ಎತ್ತರಿಸಿ, ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಆರು ಅಂಗುಲ ಮೇಲೆ ಕೊರೆದೆವು. ಕದ ಭಾರವಾಗಿರುವಂತೆ, ಸಂದು ಉಳಿಯದಂತೆ ಮಾಡಿಸಿದೆವು. ಹೊರಗಿನ ಮೆಟ್ಟಿಲ ಬಳಿಯ ಕಟ್ಟಿಗೆಯ ರಾಶಿಯನ್ನು ತೆಗೆಸಿದೆವು. ಅಪಾಯ ಕಡಿಮೆಯಾಯಿತು; ಇಲ್ಲವಾಗಲಿಲ್ಲ. ಹಂಚಿನ ಮನೆಯಲ್ಲಿಯೂ ಹಾವು ಬರುತ್ತಿತ್ತು. ಗಾಳಿ ಬೇಕೆಂದವರು ಕೈಯಲ್ಲಿ ದೀಪ ಹಿಡಿದು, ಕಾಲಿಡುವಲ್ಲಿ ನೋಡಿ ನಡೆಯುತ್ತಿದ್ದರು.

ಉಳಿದದ್ದು ಮೂರನೆಯ ಆಕ್ಷೇಪ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಮಕ್ಕಳೂ ಬಲ್ಲರು. ಇಲಿಯ ವಿಷಯದಲ್ಲಿ ನಾವು ಬೆಕ್ಕಿನ ಪಕ್ಷ. ಮಳೆಗಾಲದ ಇಲಿಜ್ವರವನ್ನು ಕಂಡವರು ಬೇರೆ ಪಕ್ಷ ಸೇರಲಾರರು. ಆದರೆ ಬೆಕ್ಕು ಇಲಿಯಲ್ಲೇ ನಿಲ್ಲುವುದಿಲ್ಲ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಹೊತ್ತಿತು. ಅದರ ಜನರೊಡನೆ ಬೆಕ್ಕೂ ಹೋಯಿತು. ಹಾರಲಾರದ ಒಂದು ಪುಟ್ಟ ಹಕ್ಕಿ ಆಗ ಆ ದ್ವೀಪದಲ್ಲಿ ಮಾತ್ರ ಉಳಿದಿತ್ತು. ಕೆಲವೇ ವರ್ಷಗಳಲ್ಲಿ ಅದರ ಸಂತತಿಯೇ ಅಳಿಯಿತು. ಒಂದೇ ಬೆಕ್ಕು ಅಷ್ಟನ್ನೂ ಮಾಡಿತೆಂದು ಕಥೆ. ಒಂದಕ್ಕೆ ಹಲವಾಗಿ ಕಾಡುಬಿದ್ದ ಬೆಕ್ಕುಗಳ ಕೆಲಸವೆಂದು ಸಂಶೋಧಕರು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ ನೂರು ಕೋಟಿಗೂ ಮೀರಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಒಂದು ಅಧ್ಯಯನ ಅಂದಾಜು ಮಾಡಿತು. ಆಸ್ಟ್ರೇಲಿಯದ ರಾಜಧಾನಿ ಪ್ರದೇಶದಲ್ಲಿ 2022ರ ಜುಲೈ 1ರ ನಂತರ ಹುಟ್ಟಿದ ಬೆಕ್ಕುಗಳನ್ನು ಮನೆಯ ಎಲ್ಲೆ ದಾಟಿ ಬಿಡಬಾರದೆಂದು ಕಾಯಿದೆಯೇ ಇದೆ. ನಮ್ಮ ಹಿತ್ತಿಲ ದಾಸವಾಳದಲ್ಲಿ ಗೂಡು ಕಟ್ಟುವ ಸೂರಕ್ಕಿಗೆ ಈ ಕಂಡಿ ಯಾವ ಸುದ್ದಿ ತಂದೀತು? ಒಬ್ಬರಿಗೆ ಕೊಟ್ಟ ಬಿಡುಗಡೆಯ ಬೆಲೆಯನ್ನು, ಮಾತಿಗೆ ಕರೆಯದ ಮತ್ತೊಬ್ಬರು ತೆರುವುದುಂಟು.

ಇದಕ್ಕಾಗಿ ಕದಕ್ಕೆ ಒಂದು ಕೊಂಡಿ ಹಾಕಿಸಿದೆವು. ಕೊಂಡಿ ಬಿದ್ದಾಗ ಕದ ಒಳಗಡೆಗೆ ಮಾತ್ರ ತೆರೆಯುತ್ತದೆ. ಹೊರಗಿದ್ದ ಬೆಕ್ಕು ಬರಬಹುದು, ಒಳಗಿದ್ದದ್ದು ಹೋಗಲಾಗದು. ಹಕ್ಕಿಗಳು ನೆಲಕ್ಕಿಳಿದು ಮೇಯುವ ಬೆಳಗಿನ ಹೊತ್ತು, ಗೂಡಿನಲ್ಲಿ ಮರಿಯಿರುವ ವಾರಗಳು—ಆಗ ಕೊಂಡಿ. ಮಿಕ್ಕ ಹೊತ್ತು ಬೆಕ್ಕಿನ ಇಷ್ಟ. ಅಗುಳಿ ಮತ್ತೆ ನನ್ನ ಕೈಗೇ ಬಂತಲ್ಲ ಎಂದು ನೀವು ಕೇಳಬಹುದು. ಬಂತು. ಆದರೆ ಮೊದಲು ಅದನ್ನು ಹಿಡಿದದ್ದು ನಮ್ಮ ಅನುಕೂಲಕ್ಕೆ. ಈಗ ಹಿಡಿಯುವುದು ಬಾಯಿಲ್ಲದ ಮೂರನೆಯವರ ಪರವಾಗಿ. ತಡೆಯುವವನು ಯಾರಿಗಾಗಿ ತಡೆಯುತ್ತೇನೆಂದು ಹೇಳಬಲ್ಲವನಾಗಿರಬೇಕು. ಅಷ್ಟು ಹೇಳಿದರೂ ಸೂರಕ್ಕಿಯ ಲೆಕ್ಕ ಪೂರ್ತಿ ತೀರಿತೆಂದು ನಾನು ಹೇಳಲಾರೆ.

ಕಂಡಿ ಬಂದ ಮೇಲೆ ಬೆಕ್ಕು ಅದನ್ನು ಕೂಡಲೆ ಬಳಸಲಿಲ್ಲ. ಕೆಲವು ದಿನ ಕದವನ್ನು ದಾರದಿಂದ ಎತ್ತಿ ಕಟ್ಟಿದ್ದೆವು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದೆವು. ಶ್ರೀವೈಷ್ಣವರಲ್ಲಿ ಶರಣಾಗತಿಗೆ ಎರಡು ದೃಷ್ಟಾಂತಗಳುಂಟು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿಯ ಪ್ರಯತ್ನ ಏನೂ ಇಲ್ಲ. ಕೋತಿಯ ಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದಿರಬೇಕು. ತೆಂಗಲೆಯವರು ಮಾರ್ಜಾಲನ್ಯಾಯವನ್ನೂ ವಡಗಲೆಯವರು ಮರ್ಕಟನ್ಯಾಯವನ್ನೂ ಹಿಡಿದು ವಾದಿಸಿದರು. ಭಗವಂತನ ವಿಷಯ ಬಲ್ಲವರಿಗೆ ಬಿಡುತ್ತೇನೆ. ಲೌಕಿಕದಲ್ಲಿ ಕಂಡದ್ದಿಷ್ಟು: ಕಂಡಿಯನ್ನು ಬೇರೆಯವರು ಕೊರೆಯಬಹುದು, ತಲೆಯಿಟ್ಟು ನೂಕುವ ಕೆಲಸ ಮಾತ್ರ ದಾಟುವವರದೇ.

ಈಗ ತಾಯಿ ರಾತ್ರಿ ಏಳಬೇಕಾಗಿಲ್ಲ. ಆದರೂ ಒಮ್ಮೊಮ್ಮೆ ಎಚ್ಚರವಾಗುತ್ತದಂತೆ. "ಅದಕ್ಕೆ ಈಗ ನಾ ಬ್ಯಾಡ" ಎಂದು ಒಂದು ದಿನ ಅಂದಳು. ಹಕ್ಕು ಬಂದಲ್ಲಿ ದಯೆಗೆ ಕೆಲಸ ತಪ್ಪುತ್ತದೆ. ದಯೆಯನ್ನೇ ಬದುಕಿನ ಕಸುಬು ಮಾಡಿಕೊಂಡವರಿಗೆ ಅದು ಸಣ್ಣ ನಷ್ಟವಲ್ಲ. ಇದನ್ನು ಹೇಳದೆ ಹಕ್ಕಿನ ಪರವಾಗಿ ಮಾತನಾಡುವುದು ಅರ್ಧ ಮಾತು. ಆದರೆ ಬೆಕ್ಕು ನಡುರಾತ್ರಿ ಕದ ನೂಕಿ ಬಂದು ಮಲಗುವುದು ಅವಳ ಕಾಲ ಬಳಿಯಲ್ಲೇ. ಮನೆಯಲ್ಲಿ ಬೇರೆ ಹಾಸಿಗೆಗಳಿವೆ, ಬೆಚ್ಚನೆಯ ಒಲೆಯ ಕಟ್ಟೆಯಿದೆ. ಬಾಗಿಲು ತೆರೆದ ಋಣಕ್ಕೆ ಅದು ಅಲ್ಲಿಗೆ ಬರುತ್ತದೆಯೆಂದು ಮೊದಲು ಅನ್ನಬಹುದಿತ್ತು. ಈಗ ಹಾಗೆ ಅನ್ನುವಂತಿಲ್ಲ.

ಕಳೆದ ತಿಂಗಳು ಆಕೆ ಯಾರನ್ನೂ ಕೇಳದೆ ರಿಕ್ಷಾ ಕರೆಸಿಕೊಂಡು ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಹೊರಡುವಾಗ, ಹೋಗಿಬರುತ್ತೇನೆ ಎಂದು ಹೇಳಿದಳು. ಹೋಗಲೇ ಎಂದು ಕೇಳಲಿಲ್ಲ.